ಬಣ್ಣ ಕೆರೆಯಬೇಡಿ

ಜನವರಿ ೬

ಗುಜರಿ ಸಾಹೇಬರಿಗೆ ಅಕ್ಕನ ಆಶೀರ್ವಾದಗಳು.

ನೀನು ಕಟ್ಟಿಸಿಕೊಟ್ಟ ಹೊಸ ಮನೆಗೆ ಬಂದು ವಾರವಾಯಿತು. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಾವಿಬ್ಬರೂ ಹಾವು ಮುಂಗುಸಿ, ಕಾಗದದಲ್ಲಿ ಮಾತ್ರ ಅಕ್ಕ ತಮ್ಮ. ನೀನು ಹಾಸ್ಟೆಲಿನಲ್ಲಿದ್ದಾಗಿನಿಂದ ನಡೆದು ಬಂದದ್ದು, ಹೀಗೇ ಇರಲಿ. ಅದೂ ಅಲ್ಲದೆ ನೀನು ಕೆಲಸ ಮಾಡಿಸುತ್ತಿರುವ ಆ ಗುಡ್ಡದಲ್ಲಿ ನೀರಿನ ಟ್ಯಾಂಕ್ ಹತ್ತಿದರೆ ಮಾತ್ರ ನಿನಗೆ ಸಿಗ್ನಲ್ ಸಿಗುವುದಂತೆ.

ಮನೆ ಚೆನ್ನಾಗಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಕಾಗದವನ್ನು ಕೊನೆಯಿಂದ ಓದುತ್ತೀಯ. ಮೆಟ್ಟಿಲಿನ ಹಲಗೆ ಹಳೆಯ ಶಾಲೆಯದು, ಅಡುಗೆಮನೆಯ ಕಲ್ಲು ಮುಚ್ಚಿಹೋದ ಮುದ್ರಣಾಲಯದ್ದು, ಕಿಟಕಿಗಳು ಆಸ್ಪತ್ರೆಯವು. ಬಂದವರಿಗೆಲ್ಲ ಒಂದೊಂದರ ಜಾತಕ ಹೇಳುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ. ನಿನ್ನ ಭಾವ ಇನ್ನೂ ಅಲ್ಯೂಮಿನಿಯಂ ಕಿಟಕಿಯ ಗುಂಗಿನಲ್ಲೇ ಇದ್ದಾರೆ. “ನಿನ್ನ ತಮ್ಮಂಗೆ ಹೊಸದು ಅಂದ್ರೆ ಅಲರ್ಜಿ ಕಣೇ. ನನ್ನನ್ನೂ ಯಾವ್ದಾದ್ರೂ ಹಳೇ ಕಟ್ಟಡದಿಂದ ಬಿಚ್ಕೊಂಡು ಬಂದಿದ್ರೆ ಈ ಮನೇಲಿ ಇನ್ನೂ ಸ್ವಲ್ಪ ಮರ್ಯಾದೆ ಸಿಗ್ತಿತ್ತು” ಎನ್ನುತ್ತಾರೆ.

ಅತ್ತೆಯದೇ ಬೇರೆ ರಾಗ. “ಆಸ್ಪತ್ರೆ ಕಿಟಕಿ ತಂದು ಮಗು ಇರೋ ಮನೆಗೆ ಹಾಕ್ತಾರಾ? ಅಲ್ಲಿ ಎಷ್ಟು ಜನ ನರಳಿದ್ದಾರೋ, ಎಷ್ಟು ಜನ ಕಣ್ಣು ಮುಚ್ಚಿದ್ದಾರೋ. ರೋಗಾನ ಕೈ ಹಿಡಿದು ಕರ್ಕೊಂಡು ಬಂದಂಗೆ” ಎಂದರು. ನಾನೂ ಬಿಡಲಿಲ್ಲ. “ಅಲ್ಲಿ ವಾಸಿಯಾಗಿ ನಡ್ಕೊಂಡು ಹೋದೋರೇ ಜಾಸ್ತಿ ಅತ್ತೆ” ಎಂದೆ. ಆಮೇಲೆ ಅವರು ಎರಡು ದಿನ ಮಾತು ಬಿಟ್ಟರು. ನಿನ್ನ ಕಿಟಕಿಗಾಗಿ ನಾನು ಎಂತೆಂಥ ಯುದ್ಧ ಮಾಡಬೇಕು ನೋಡು.

ಬಟಾಣಿಗೆ ಒಂದೂವರೆ ವರ್ಷ ತುಂಬಿತು. ಅಮ್ಮ, ಅಪ್ಪ, ನೀರು, ಕಾಕ, ಬೇಡ, ಎಲ್ಲ ಹೇಳುತ್ತಾಳೆ. ‘ಬೇಡ’ ನಿನ್ನ ಕಡೆಯಿಂದ ಬಂದದ್ದು. ಅವಳ ಪುಟ್ಟ ಮಂಚವನ್ನು ನೀನು ಹೇಳಿದ ಹಾಗೆ ಪೂರ್ವದ ಕಿಟಕಿಗೆ ಒತ್ತಿ ಹಾಕಿದ್ದೇನೆ. ಬೆಳಿಗ್ಗೆ ಎದ್ದವಳೇ ಕಿಟಕಿಯ ಕೆಳಪಟ್ಟಿ ಹಿಡಿದು ನಿಂತು ರಸ್ತೆ ನೋಡುತ್ತಾಳೆ. ಒಂಬತ್ತು ವರ್ಷ ಕಾದು ಪಡೆದ ಮಗು ಹಾಗೆ ಬೆಳಕಿನಲ್ಲಿ ನಿಂತದ್ದನ್ನು ಕಂಡಾಗ ನಿನ್ನ ಮೇಲಿನ ಕೋಪವೆಲ್ಲ ಇಳಿದುಹೋಗುತ್ತದೆ.

ಪ್ರತಿ ಕಿಟಕಿಯ ಮೇಲೂ ಸೀಮೆಸುಣ್ಣದಲ್ಲಿ ‘ಬಣ್ಣ ಕೆರೆಯಬೇಡಿ’ ಎಂದು ಬರೆದಿದ್ದೆಯಲ್ಲ, ಅದನ್ನು ಅಳಿಸಲೋ ಬೇಡವೋ? ಬಣ್ಣದ ಚಕ್ಕೆ ಉದುರುತ್ತಿರುತ್ತದೆ. ದಿನಾ ಗುಡಿಸುತ್ತೇನೆ, ಕೆರೆದಿಲ್ಲ.

ಅಕ್ಕ


ಜನವರಿ ೧೯

ಅಕ್ಕ,

ಸೀಮೆಸುಣ್ಣ ಅಳಿಸು, ಮಾತು ಮಾತ್ರ ನೆನಪಿಟ್ಟುಕೋ.

ಬಿದ್ದ ಗೋಡೆಯನ್ನು ಲಾರಿಗೆ ತುಂಬಿ ಹಳ್ಳಕ್ಕೆ ಸುರಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನೂರು ವರ್ಷ ಮಳೆ ಬಿಸಿಲು ತಿಂದ ಮರ ಇನ್ನು ಬಾಗುವುದಿಲ್ಲ, ಬಿರಿಯುವುದಿಲ್ಲ. ಅಂಥದ್ದನ್ನು ಸೌದೆಗೆ ಹಾಕಿ ನಿನ್ನೆ ಕಡಿದ ಹಸಿ ಮರವನ್ನು ಹಣ ಕೊಟ್ಟು ತರುತ್ತಾರೆ. ನನ್ನ ಲೆಕ್ಕ ಸುಲಭ. ಕಟ್ಟಡವನ್ನು ಇರುವಲ್ಲೇ ಉಳಿಸಲಾದರೆ ಉಳಿಸಬೇಕು. ಆಗದಿದ್ದರೆ ಬಿಡಿಬಿಡಿಯಾಗಿ ಬಿಚ್ಚಿ ಇನ್ನೊಂದು ಮನೆಗೆ ಕೊಡಬೇಕು. ಕೊಟ್ಟ ಮೇಲೆ ಅದರ ವಯಸ್ಸನ್ನು ಮುಚ್ಚಿಡಬಾರದು. ವಯಸ್ಸು ಕಾಣುವುದು ಬಣ್ಣದಲ್ಲಿ. ನಿನ್ನ ಕಿಟಕಿಯನ್ನು ನಾಣ್ಯದಿಂದ ಒಂದು ಮೂಲೆಯಲ್ಲಿ ಗೀರಿ ನೋಡಿದ್ದೆ. ಮೇಲೆ ಆಸ್ಪತ್ರೆಯ ಹಸಿರು, ಅದರಡಿ ಕೆನೆ ಬಿಳಿ, ತೀರ ಕೆಳಗೆ ನೀಲಿ. ನಮ್ಮಜ್ಜ ಹುಟ್ಟುವ ಮೊದಲು ಯಾರೋ ಬಳಿದ ನೀಲಿ! ಅದನ್ನು ಕೆರೆದು ಮೇಲೆ ಪ್ಲಾಸ್ಟಿಕ್ ಬಣ್ಣ ಹೊಡೆಯುವುದು ಮುದುಕಿಯ ತಲೆಗೆ ಕಪ್ಪು ಹಚ್ಚಿದ ಹಾಗೆ.

ಇಲ್ಲಿ ಆಸ್ಪತ್ರೆಯ ಮುಖ್ಯ ಕಟ್ಟಡ ನಿಂತಿದೆ. ಹಿಂಬದಿಯ ವಾರ್ಡಿನ ಛಾವಣಿ ಕುಸಿದಿದ್ದರಿಂದ ಕೆಡವಬೇಕಾಯಿತು, ಅದರ ಕಿಟಕಿಗಳೇ ನಿನ್ನಲ್ಲಿಗೆ ಬಂದವು. ಮುಖ್ಯ ಕಟ್ಟಡದ ವಾರ್ಡುಗಳಲ್ಲಿ ನಲವತ್ತು ಮನೆ ಮಾಡುತ್ತಿದ್ದೇನೆ. ರಸ್ತೆ ಅಗಲ ಮಾಡಲು ಮನೆ ಕಳೆದುಕೊಂಡವರು ಎರಡು ವರ್ಷದಿಂದ ತಗಡಿನ ಶೆಡ್ಡಿನಲ್ಲಿದ್ದಾರೆ. ಮೇ ಕೊನೆಗೆ ಅವರಿಗೆ ಕೀಲಿ ಕೊಡಬೇಕು. ಹಳೆಯ ಬಾಗಿಲು, ಹಳೆಯ ಕಿಟಕಿ, ಹಳೆಯ ಬಣ್ಣ, ಎಲ್ಲ ಹಾಗೇ. ಯಾರೂ ಆಗದು ಎಂದಿದ್ದ ಕೆಲಸ. ಇದೊಂದು ಮುಗಿದರೆ ನನ್ನನ್ನು ಗುಜರಿ ಎಂದು ಕರೆಯುವವಳು ನೀನೊಬ್ಬಳೇ ಉಳಿಯುತ್ತೀಯ.

ಏಪ್ರಿಲ್ ಕೊನೆಗೆ ಒಂದು ಪತ್ರಿಕೆಯವರು ನಿನ್ನ ಮನೆಯ ಫೋಟೋ ತೆಗೆಯಲು ಬರುತ್ತಾರೆ. ಭಾವನಿಗೆ ಆ ದಿನ ಲುಂಗಿ ಬಿಟ್ಟು ಬೇರೆ ಏನಾದರೂ ಉಡಲು ಹೇಳು.

ನಿನ್ನ ತಮ್ಮ


ಫೆಬ್ರವರಿ ೨೩

ಗುಜರಿ,

ನಿನ್ನ ಪ್ರವಚನ ಓದಿ ಭಾವ ಮೂರು ದಿನ ಕನ್ನಡಿ ಮುಂದೆ ನಿಂತು “ಇನ್ನು ನನ್ನ ತಲೆಗೂ ಕಪ್ಪು ಹಚ್ಬಾರ್ದಂತೆ” ಎಂದು ಗೊಣಗಿದರು.

ಬಟಾಣಿಗೆ ನಿನ್ನ ಕಿಟಕಿ ಎಂದರೆ ಪ್ರಾಣ. ಹಲ್ಲು ಬರುತ್ತಿವೆ, ಕೆಳಪಟ್ಟಿಯನ್ನು ಕಚ್ಚುತ್ತಾಳೆ, ನೆಕ್ಕುತ್ತಾಳೆ. ಬಿಡಿಸಿದರೆ ಮತ್ತೆ ಹೋಗಿ ಅಲ್ಲೇ ಬಾಯಿ ಇಡುತ್ತಾಳೆ, ಸಕ್ಕರೆ ಹಚ್ಚಿಟ್ಟಿದ್ದೀಯೇನೋ ಅನ್ನಬೇಕು. ಅವಳ ಹಲ್ಲಿನ ಗುರುತು ಹಸಿರಿನ ಮೇಲೆ ಸಾಲಾಗಿ ಮೂಡಿದೆ. ಅದನ್ನೂ ವಯಸ್ಸು ಎಂದು ಉಳಿಸಿಕೊಳ್ಳಲೋ?

ಊಟ ಸ್ವಲ್ಪ ಕಡಿಮೆಯಾಗಿದೆ, ಹೊಟ್ಟೆ ಹಿಡಿದುಕೊಂಡು ಅಳುತ್ತಾಳೆ. ಡಾಕ್ಟರು ಜಂತುಹುಳಕ್ಕೆ ಔಷಧಿ ಕೊಟ್ಟರು, ರಕ್ತ ಕಡಿಮೆ ಎಂದು ಟಾನಿಕ್ಕೂ ಬರೆದರು. ಹಲ್ಲು ಬರುವಾಗ ಎಲ್ಲ ಮಕ್ಕಳಿಗೂ ಇದ್ದದ್ದೇ. ಮತ್ತೆಲ್ಲ ಕ್ಷೇಮ. ಅತ್ತೆ ಬಂದು ಹೋದರು. ಅವರ ಮುಂದೆ ಅವಳನ್ನು ನಗಿಸಿ ನಗಿಸಿ ನನಗೆ ಸಾಕಾಯಿತು.

ಅಕ್ಕ


ಮಾರ್ಚ್ ೧೧

ಅಕ್ಕ,

ಇಷ್ಟು ವರ್ಷದಲ್ಲಿ ಮರವನ್ನು ನಾಲಿಗೆಯಿಂದ ಪರೀಕ್ಷೆ ಮಾಡಿದ ಮನೆ ಯಜಮಾನಿಯನ್ನು ನಾನು ಕಂಡಿರಲಿಲ್ಲ. ಅವಳನ್ನು ನನ್ನ ಕಚೇರಿಗೆ ಸೇರಿಸಿಕೊಳ್ಳುತ್ತೇನೆ. ಹಲ್ಲಿನ ಗುರುತು ಖಂಡಿತ ಇರಲಿ, ಫೋಟೋದಲ್ಲಿ ಹತ್ತಿರದಿಂದ ತೆಗೆಸೋಣ.

ಇಲ್ಲಿ ಕೆಲಸ ಕುಂಟುತ್ತಿದೆ. ನಮ್ಮ ಬಣ್ಣದ ಮೇಸ್ತ್ರಿ ಹೊಟ್ಟೆನೋವೆಂದು ಮಲಗಿದ್ದಾರೆ. ಬಾಗಿಲುಗಳಲ್ಲಿ ತೀರ ಎದ್ದುಹೋಗಿದ್ದ ಬಣ್ಣವನ್ನು ನನಗೆ ಹೇಳದೆ ಬೆಂಕಿ ಹಿಡಿದು ಸುಟ್ಟು ತೆಗೆದಿದ್ದರು. ಬಣ್ಣ ಮುಟ್ಟಿದ್ದಕ್ಕೇ ಶಾಪ ತಟ್ಟಿದೆ ಎಂದು ತಮಾಷೆ ಮಾಡಿದೆ. ಕೈಯೂ ಸರಿಯಾಗಿ ಎತ್ತಲಾಗುತ್ತಿಲ್ಲವಂತೆ. ಅವರನ್ನು ನೋಡಿದ ಡಾಕ್ಟರು ಬಣ್ಣದ ಚಕ್ಕೆಯನ್ನು ಲ್ಯಾಬಿಗೆ ಕಳಿಸಿ ನೋಡಿ ಎಂದಿದ್ದಾರೆ. ಡಾಕ್ಟರುಗಳಿಗೆ ಏನೂ ತೋಚದಿದ್ದರೆ ಪರೀಕ್ಷೆ ಬರೆಯುತ್ತಾರೆ. ಕಳಿಸುತ್ತೇನೆ.

ನಿನ್ನ ತಮ್ಮ


ಏಪ್ರಿಲ್ ೨
(ಅಂಚೆಗೆ ಹಾಕದ್ದು)

ಅಕ್ಕ,

ಇದನ್ನು ಓದಿದ ತಕ್ಷಣ ಬಟಾಣಿಯನ್ನು ಎತ್ತಿಕೊಂಡು ಮನೆಯಿಂದ ಹೊರಡು. ಸಾಮಾನು ಕಟ್ಟುತ್ತ ಕೂರಬೇಡ. ಆ ಬಣ್ಣದಲ್ಲಿ ಸೀಸ ಇದೆ. ಮೂರು ಪದರದಲ್ಲೂ ಇದೆ. ಲ್ಯಾಬಿನಿಂದ ಮೊನ್ನೆ ವರದಿ ಬಂತು. ಮೇಸ್ತ್ರಿಯ ರಕ್ತದಲ್ಲೂ ಅದೇ ಸಿಕ್ಕಿದೆ. ದೊಡ್ಡವರಿಗೇ ಹೀಗಾದರೆ ಮಕ್ಕಳಿಗೆ ಹತ್ತು ಪಾಲು, ತಲೆಗೇ ಏರುತ್ತದೆ ಎಂದು ಡಾಕ್ಟರು ಹೇಳಿದರು. ಅದು ಸಿಹಿಯಾಗಿರುತ್ತದಂತೆ, ಅದಕ್ಕೇ ಮಕ್ಕಳು ನೆಕ್ಕುತ್ತವಂತೆ. ಆ ಮಾತು ಕೇಳಿ ಬಂದವನೇ ನಿನ್ನ ಫೆಬ್ರವರಿಯ ಕಾಗದ ತೆಗೆದು ಮತ್ತೆ ಓದಿದೆ.

ಅವಳ ರಕ್ತ ಪರೀಕ್ಷೆ ಮಾಡಿಸು. ಕಿಟಕಿಗಳನ್ನು ಯಾರೂ ಮುಟ್ಟಬಾರದು, ಉಜ್ಜಬಾರದು, ಪುಡಿಯೇ ಎಲ್ಲಕ್ಕಿಂತ ಕೆಟ್ಟದ್ದು. ನಾನೇ ಬಂದು ತೆಗೆಸುತ್ತೇನೆ.

ಆದರೆ ನೀನು ಭಾವನಿಗೆ ಹೇಳುತ್ತೀಯ, ಭಾವ ಅತ್ತೆಗೆ ಹೇಳುತ್ತಾರೆ, ಅಲ್ಲಿಂದ ಊರಿಗೇ ಗೊತ್ತಾಗುತ್ತದೆ. ನಾಳೆಯೇ ಇಲ್ಲಿ ಬೀಗ ಬೀಳುತ್ತದೆ. ಶೆಡ್ಡಿನವರು ಇನ್ನೊಂದು ಮಳೆಗಾಲ ತಗಡಿನ ಕೆಳಗೆ ಕಳೆಯಬೇಕು. ಕೀಲಿ ಕೊಟ್ಟ ಮೇಲೆ ಒಂದೊಂದೇ ಮನೆಯಲ್ಲಿ ಸದ್ದಿಲ್ಲದೆ ಸರಿ ಮಾಡಿಸಬಹುದು. ಎರಡು ತಿಂಗಳಲ್ಲಿ ಏನಾದೀತು. ನಿನ್ನ ಮನೆಯದ್ದು ಸಣ್ಣ ಕೆಲಸ, ಕಾರಣ ಹೇಳದೆಯೂ ಮಾಡಿಸಬಹುದು


ಏಪ್ರಿಲ್ ೩

ಅಕ್ಕ,

ಪತ್ರಿಕೆಯವರು ಮನೆಯ ಫೋಟೋ ಮಾದರಿಗೆ ಕೇಳಿದ್ದರು, ಕಳಿಸಿದೆ. ಕಿಟಕಿಯ ಚಕ್ಕೆಗಳು ಚಿತ್ರದಲ್ಲಿ ಹುಳುಕಡ್ಡಿ ಹತ್ತಿದ ಹಾಗೆ ಕಾಣುತ್ತವಂತೆ. ಅವರ ಮಾತು ಸರಿ ಎನ್ನಿಸಿತು. ಹಟ ಬಿಟ್ಟಿದ್ದೇನೆ. ಬಡಗಿಯನ್ನು ಕರೆಸಿ ಬಣ್ಣ ತೆಗೆಸಿ ಮೇಲೆ ಬಿಳಿ ಹೊಡೆಸಿಬಿಡು. ನೀರು ಹಾಕಿ ಒದ್ದೆ ಮಾಡಿ ಉಜ್ಜಲಿ. ಆ ಎರಡು ದಿನ ಬಟಾಣಿಯನ್ನು ಅತ್ತೆಯ ಮನೆಗೆ ಕಳಿಸು, ಧೂಳಿಗೆ ಶೀತವಾದೀತು. ಮಂಚವನ್ನೂ ಕಿಟಕಿಯಿಂದ ದೂರ ಸರಿಸು, ಬೇಸಿಗೆಯ ಬಿಸಿಲು ಚುರುಕಾಗಿದೆ.

ಬೇಗ ಮಾಡಿಸು.

ನಿನ್ನ ತಮ್ಮ


ಏಪ್ರಿಲ್ ೧೪

ನನ್ನ ಗುಜರಿಗೆ,

ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ ಎಂದು ಭಾವನಿಗೆ ಹೇಳಿದೆ. ನೀನು ಬಣ್ಣ ತೆಗೆಸು ಎನ್ನುವುದೆಂದರೇನು! ಯಾವುದಾದರೂ ಹುಡುಗಿ ಸಿಕ್ಕಿದ್ದಾಳೆಯೇ, ನಿಜ ಹೇಳು.

ಬಡಗಿ ಮುಂದಿನ ತಿಂಗಳು ನೋಡೋಣ ಎಂದ. ಫೋಟೋದವರು ಅಲ್ಲಿಯವರೆಗೆ ಕಾಯುತ್ತಾರೆಯೇ? ಸೆರಗು ಕಟ್ಟಿ ನಾನೇ ಇಳಿದೆ. ಒದ್ದೆ ಮಾಡಿದರೆ ಬಣ್ಣ ಅಂಟಂಟಾಗಿ ರಾಡಿಯಾಯಿತು, ಅದಕ್ಕೇ ಒಣಗಿಸಿ ಸ್ಯಾಂಡ್ ಪೇಪರಿನಲ್ಲಿ ಉಜ್ಜಿದೆ. ನಾಲ್ಕು ದಿನ ಹಿಡಿಯಿತು. ನೀನು ಹೇಳಿದ ನೀಲಿ ಕಂಡಿತು ಕಣೋ, ಬಹಳ ಚೆಂದದ ನೀಲಿ. ಅದನ್ನೂ ಉಜ್ಜಿದ ಮೇಲೆ ಮರ ಬಂತು.

ಬಟಾಣಿಯನ್ನು ಎಲ್ಲಿಗೂ ಕಳಿಸಲಿಲ್ಲ. ಒಂದು ಶೀತಕ್ಕೆ ಹೆದರಿ ಅವಳನ್ನು ಅತ್ತೆಯ ಕೈಗೆ ಕೊಡಲೇ? ಅವಳೇನು ಬೆಲ್ಲದ ಗೊಂಬೆಯೇ ಕರಗಿಹೋಗಲು. ಪಕ್ಕದಲ್ಲೇ ಕೂತು ಪುಡಿಯನ್ನು ಕೈಯಲ್ಲಿ ಬಾಚಿ ಬಾಚಿ ತಲೆಗೆ ಸುರಿದುಕೊಂಡಳು. ರೆಪ್ಪೆಯೆಲ್ಲ ಹಸಿರು. ಬಹಳ ದಿನದ ಮೇಲೆ ಅವಳು ಗಟ್ಟಿಯಾಗಿ ನಕ್ಕದ್ದು, ನನಗೂ ಗೆಲುವಾಯಿತು.

ಬಿಳಿ ಹೊಡೆಯುವುದು ಬಾಕಿ. ತೋಳು ಬಿದ್ದುಹೋಗಿದೆ.

ಅಕ್ಕ


ಏಪ್ರಿಲ್ ೨೧

ಅಕ್ಕ,

ನೆಲ, ಗೋಡೆ, ಹಾಸಿಗೆ, ಆಟಿಕೆ ಎಲ್ಲವನ್ನೂ ಇವತ್ತೇ ಒದ್ದೆ ಬಟ್ಟೆಯಲ್ಲಿ ಒರೆಸು. ಪೊರಕೆ ಹಿಡಿಯಬೇಡ. ಬಟಾಣಿಯ ರಕ್ತ ಪರೀಕ್ಷೆ ಮಾಡಿಸು, ಸೀಸಕ್ಕೆ ನೋಡಿ ಎಂದು ಡಾಕ್ಟರಿಗೆ ಹೇಳು. ಈ ವಯಸ್ಸಿನಲ್ಲಿ ಎಲ್ಲ ಮಕ್ಕಳಿಗೂ ಮಾಡಿಸುವುದು ಒಳ್ಳೆಯದಂತೆ, ಎಲ್ಲೋ ಓದಿದೆ. ಯಾಕೆ ಏನು ಎಂದು ಕೇಳಬೇಡ.

ನಿನ್ನ ತಮ್ಮ


ಏಪ್ರಿಲ್ ೨೯

ತಮ್ಮಾ,

ಇದನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಹತ್ತೊಂಬತ್ತರ ಬೆಳಿಗ್ಗೆ ಬಟಾಣಿಗೆ ಅಂಗಿ ತೊಡಿಸುತ್ತಿದ್ದೆ, ತೋಳು ತೂರಿಸುವಾಗಲೇ ಕೈಕಾಲು ಸೆಟೆದುಕೊಂಡವು. ಕಣ್ಣು ಮೇಲೆ ಹೋಯಿತು. ಆಟೋದಲ್ಲಿ ಇನ್ನೊಂದು ಸಲ ಬಂತು, ಇಲ್ಲಿ ಬಾಗಿಲಲ್ಲಿ ಮತ್ತೊಂದು ಸಲ. ಅವತ್ತಿನಿಂದ ನಾವು ಮನೆಗೆ ಹೋಗಿಲ್ಲ. ನಿನಗೆ ಮೂರು ಸಲ ಫೋನ್ ಮಾಡಿದೆ, ರಿಂಗಾಗಿ ರಿಂಗಾಗಿ ನಿಂತಿತು. ಫೋನನ್ನು ಟ್ಯಾಂಕಿನ ಹತ್ತಿರವೇ ಬಿಟ್ಟು ಹೋಗಿದ್ದೆಯೇನೋ.

ಡಾಕ್ಟರಮ್ಮ ಬಹಳ ಹೊತ್ತು ಪ್ರಶ್ನೆ ಕೇಳಿದರು. “ಮನೇಲಿ ಹಳೇ ಬಣ್ಣ ಏನಾದ್ರೂ ಇದ್ಯಾ?”

“ಇತ್ತು, ಈಗಿಲ್ಲ, ಉಜ್ಜಿಬಿಟ್ಟೆ” ಎಂದೆ, ಒಳ್ಳೆಯ ಕೆಲಸ ಮಾಡಿದವಳ ಹಾಗೆ.

“ಉಜ್ಜುವಾಗ ಮಗು ಎಲ್ಲಿತ್ತು?”

“ನನ್ನ ಪಕ್ಕದಲ್ಲೇ” ಎಂದೆ. ಅವರು ಪೆನ್ನು ಕೆಳಗಿಟ್ಟು, ರಕ್ತ ತೆಗೆಯಲು ನರ್ಸನ್ನು ಕರೆದರು.

ಸೀಸವಂತೆ. ಅದನ್ನು ರಕ್ತದಿಂದ ತೆಗೆಯುವ ಔಷಧಿ ಈ ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ ಇರುವುದಂತೆ, ಸೂಜಿಯಲ್ಲಿ ಕೊಡುತ್ತಿದ್ದಾರೆ.

ನಿನಗೆ ಒಂದು ಮಾತು ಮುಚ್ಚಿಟ್ಟಿದ್ದೆ. ಫೆಬ್ರವರಿಯಿಂದಲೇ ಅವಳ ಮಾತು ಒಂದೊಂದೇ ಹೋಗುತ್ತಿತ್ತು. ಮೊದಲು ಕಾಕ ಹೋಯಿತು, ಆಮೇಲೆ ನೀರು. ಏಪ್ರಿಲಿಗೆ ಅಮ್ಮ ಎನ್ನುವುದೂ ನಿಂತಿತು. ಹೇಳಿದರೆ ಅತ್ತೆಯ ಮಾತು ನಿಜವಾದ ಹಾಗಾಗುತ್ತದೆ, ಆಸ್ಪತ್ರೆಯ ಕಿಟಕಿ ರೋಗ ತಂದಿತು ಎನ್ನುತ್ತಾರೆ, ನಿನ್ನ ಹೆಸರು ಕೆಡುತ್ತದೆ ಎಂದು ನುಂಗಿಕೊಂಡೆ. ನಿನ್ನ ಪರ ವಾದ ಮಾಡುತ್ತ ಮಗಳನ್ನು ನೋಡುವುದು ಬಿಟ್ಟೆ. ಉಜ್ಜಿದ್ದೂ ನಾನೇ. ನೀನು ಅವಳನ್ನು ಕಳಿಸು ಎಂದಿದ್ದೆ, ಶೀತಕ್ಕಾದರೂ ಕಳಿಸಿದ್ದರೆ ಎಂದು ತಲೆ ಚಚ್ಚಿಕೊಳ್ಳುತ್ತೇನೆ.

ನಿನ್ನ ಮೇಲೆ ನನಗೆ ಕೋಪವಿಲ್ಲ, ಭಾವನಿಗೂ ಅದನ್ನೇ ಹೇಳಿದ್ದೇನೆ. ಗೊತ್ತಿದ್ದರೆ ನೀನು ಹೇಳದೆ ಇರುತ್ತಿದ್ದೆಯಾ? ಆ ನಲವತ್ತು ಮನೆಯಲ್ಲೂ ಇದೇ ಬಣ್ಣ ಇರಬೇಕು. ಮೊದಲು ಅವರಿಗೆ ಹೇಳು, ಅಲ್ಲೂ ಮಕ್ಕಳಿರುತ್ತವೆ.

ಅಕ್ಕ


ಮೇ ೫

ಅಕ್ಕ,

ನಿನ್ನ ಕಾಗದ ಓದಿ ಕುಸಿದುಹೋದೆ. ಆ ಬಣ್ಣದಲ್ಲಿ ಅಂಥದ್ದು ಇದೆಯೆಂದು ಯಾರು ತಾನೇ ಎಣಿಸಿದ್ದರು. ನನಗೂ ನಿನ್ನಿಂದಲೇ ತಿಳಿದದ್ದು. ನನ್ನ ಹಿಂದಿನ ಕಾಗದ ಮನೆಗೆ ಬಂದು ಬಿದ್ದಿರಬಹುದು, ಅದನ್ನು ಸುಮ್ಮನೆ ಬರೆದದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ನೀನು ನಿನ್ನನ್ನು ಬೈದುಕೊಳ್ಳಬೇಡ, ವಿಧಿ.

ಇಲ್ಲಿ ನಾನು ಎಲ್ಲ ಪರೀಕ್ಷೆ ಮಾಡಿಸುತ್ತೇನೆ. ಇಪ್ಪತ್ತೆಂಟಕ್ಕೆ ಕೀಲಿ ಕೊಡುವುದಿದೆ. ಅಲ್ಲಿಯವರೆಗೆ ಈ ವಿಷಯ ನಮ್ಮನಮ್ಮಲ್ಲೇ ಇರಲಿ, ಸುಮ್ಮನೆ ಜನ ಗಾಬರಿಯಾಗುತ್ತಾರೆ. ಅದಾದ ಮರುದಿನವೇ ಬಂದು ಬಟಾಣಿಯನ್ನು ನೋಡುತ್ತೇನೆ. ಅವಳು ಗಟ್ಟಿ ಹುಡುಗಿ, ಏನೂ ಆಗುವುದಿಲ್ಲ.

ನಿನ್ನ ತಮ್ಮ


ಮೇ ೨೨

ನಿನ್ನ ಎರಡು ಕಾಗದವೂ ಸಿಕ್ಕವು. ಒಂದರಲ್ಲಿ ಸೀಸಕ್ಕೆ ನೋಡಿ ಎಂದು ಬರೆದಿದ್ದೀಯ. ಅದರ ನಂತರದ್ದರಲ್ಲಿ ಸೀಸದ ವಿಷಯ ನನ್ನಿಂದಲೇ ತಿಳಿಯಿತು ಎಂದಿದ್ದೀಯ. ಆದರೂ ನಾನು ಪೆದ್ದಿ, ಏನೋ ಕಾರಣ ಇರಬೇಕು ಎಂದು ನಿನ್ನ ಪರವಾಗಿಯೇ ಯೋಚಿಸುತ್ತಿದ್ದೆ.

ಮೊನ್ನೆ ಆಸ್ಪತ್ರೆಯ ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದಾಗ ಒಬ್ಬ ಹೆಂಗಸು ಮಾತಿಗೆ ಸಿಕ್ಕಳು. ಗಂಡ ಮೇಲಿನ ಮಹಡಿಯಲ್ಲಿದ್ದಾನೆ, ಬಣ್ಣದ ಮೇಸ್ತ್ರಿ. “ನಮ್ಮೋರಿಗೆ ಮಣಿಕಟ್ಟು ಜೋತು ಬಿದ್ದಿದೆ ಕಣಮ್ಮ, ಇನ್ನು ಬ್ರಷ್ ಹಿಡಿಯೋದು ಕನಸೇ. ಆದ್ರೆ ಇಂಜಿನಿಯರ್ ಸಾಹೇಬ್ರು ಬಂಗಾರದಂಥೋರು. ಬಣ್ಣದ ಚಕ್ಕೆ ಲ್ಯಾಬಿಗೆ ಅವರೇ ಕಳ್ಸಿದ್ರು. ಮಾರ್ಚ್ ಕೊನೇಲೇ ಗೊತ್ತಾಗೋಯ್ತು. ಆಸ್ಪತ್ರೆ ಖರ್ಚೆಲ್ಲಾ ಅವರೇ ನೋಡ್ಕೊಂಡವ್ರೆ. ಕೀಲಿ ಕೊಡೋವರೆಗೂ ಯಾರ ಹತ್ರಾನೂ ಬಾಯಿ ಬಿಡ್ಬೇಡಿ ಅಂದ್ರು, ಅಷ್ಟೇ.” ಆಮೇಲೆ ಅವಳೇ ಸಮಾಧಾನದಿಂದ ಹೇಳಿದಳು, “ಅವರ ಅಕ್ಕನ ಮನೇಗೂ ಅದೇ ಕಿಟಕಿ ಹಾಕವ್ರಂತೆ, ಪಾಪ. ಸದ್ಯ, ಅವರಿಗೆ ಮೊದ್ಲೇ ಹೇಳಿರ್ತಾರೆ ಬಿಡಿ.”

ಹೌದು, ಹೇಳಿರುತ್ತಾರೆ ಎಂದೆ. ಕೊಡ ತುಂಬಿ ಹರಿಯುತ್ತಿತ್ತು, ನಲ್ಲಿಯನ್ನು ಅವಳೇ ನಿಲ್ಲಿಸಿದಳು.

ನಿನಗೆ ಗೊತ್ತಾದ ಮೇಲೆ ನಾನು ಉಜ್ಜಿದ್ದೇನೆ. ಇದನ್ನು ಎಷ್ಟು ಸಲ ಹೇಳಿಕೊಂಡರೂ ನನ್ನ ತಲೆಗೆ ಹೋಗುತ್ತಿಲ್ಲ. ಉಜ್ಜು ಎಂದವನು ನೀನು. ಶೀತ ಎಂದು ಬರೆದೆಯಲ್ಲ, ಆ ಜಾಗದಲ್ಲಿ ವಿಷ ಎಂದು ಬರೆದಿದ್ದರೆ ನಾನು ಅವಳನ್ನು ಎತ್ತಿಕೊಂಡು ಬರಿಗಾಲಲ್ಲಿ ಓಡುತ್ತಿದ್ದೆ. ಗೊತ್ತಿಲ್ಲದೆ ಆದದ್ದಾಗಿದ್ದರೆ ಸಾಯುವವರೆಗೂ ನಿನ್ನನ್ನು ಬೇರೆಯವರಿಂದ ಕಾಪಾಡುತ್ತಿದ್ದೆ.

ಶೆಡ್ಡಿನವರಿಗೆ ನೀನು ಹೇಳುತ್ತೀಯ ಎಂದು ಕಾಯಲಿಲ್ಲ. ಮೇಸ್ತ್ರಿಯ ಹೆಂಡತಿಗೆ ನಾನು ಯಾರೆಂದು ಹೇಳಿದೆ. ಅವಳ ತಂಗಿಗೂ ಅಲ್ಲಿ ಒಂದು ಮನೆ ಬರಬೇಕಿತ್ತಂತೆ, ಎರಡು ಸಣ್ಣ ಮಕ್ಕಳಂತೆ. ಇಷ್ಟು ಹೊತ್ತಿಗೆ ಅಲ್ಲಿ ಎಲ್ಲರಿಗೂ ತಿಳಿದಿರುತ್ತದೆ. ಡಾಕ್ಟರಮ್ಮನೂ ಮೇಲಿನವರಿಗೆ ಬರೆದಿದ್ದಾರೆ.

ಕಿಟಕಿಗಳನ್ನು ಕೀಳಿಸಿ ಅಂಗಳದಲ್ಲಿ ಟಾರ್ಪಾಲಿನಲ್ಲಿ ಸುತ್ತಿ ಇಟ್ಟಿದ್ದೇವೆ. ಹಳೆಯ ಸಾಮಾನಿನವನೊಬ್ಬ ಬೇಲಿಯಾಚೆಯಿಂದ ಕಂಡು ಬಂದ. “ಬಣ್ಣ ಅಲ್ಲಲ್ಲಿ ಉಳಿದಿದೆ, ಈಗ ಇಂಥದಕ್ಕೇ ಗಿರಾಕಿ ಜಾಸ್ತಿ ಅಮ್ಮ” ಎಂದ. ಭಾವ ಅವನನ್ನು ಹೊಡೆಯಲು ಹೋದರು. ನಾನು ತಡೆದು ವಿಷಯ ಹೇಳಿ ಕಳಿಸಿದೆ. ಸರ್ಕಾರದವರು ಬಂದು ಒಯ್ಯುವವರೆಗೆ ಸರದಿಯ ಮೇಲೆ ಕಾವಲು ಕಾಯುತ್ತಿದ್ದೇವೆ.

ಬಟಾಣಿಯನ್ನು ಅತ್ತೆಯ ಮನೆಗೆ ಕರೆತಂದೆವು. ಅತ್ತೆ ಕಿಟಕಿಯ ಮಾತೆತ್ತಲಿಲ್ಲ, ಮಗುವನ್ನು ಮಡಿಲಿಗೆ ಹಾಕಿಕೊಂಡು ಕೂತರು. ರಕ್ತದಲ್ಲಿರುವುದು ಇಳಿಯುತ್ತಿದೆಯಂತೆ. ತಲೆಯೊಳಗೆ ಆದದ್ದು ಆಗಿಹೋಗಿದೆಯಂತೆ, ಅದಕ್ಕೆ ಔಷಧಿ ಇಲ್ಲವಂತೆ. ಕೂರುತ್ತಾಳೆ, ಬೀಳುತ್ತಾಳೆ. ಕರೆದರೆ ಒಮ್ಮೊಮ್ಮೆ ತಿರುಗುತ್ತಾಳೆ. ಮಾತು ಬರುತ್ತದೋ ಇಲ್ಲವೋ ಈಗಲೇ ಯಾರೂ ಹೇಳಲಾರರು.

ನನಗೆ ಇನ್ನು ಒಂದೇ ಕೆಲಸ. ಅವಳಿಗೆ ಒಂದೊಂದೇ ಮಾತು ಹೇಳಿಕೊಡುತ್ತೇನೆ, ಎಷ್ಟು ವರ್ಷ ಹಿಡಿದರೂ ಸರಿ. ತನಗೆ ಯಾಕೆ ಹೀಗಾಯಿತು ಎಂದು ಕೇಳುವಷ್ಟು ಮಾತು ಅವಳಿಗೆ ಬಂದ ದಿನ ನಿನಗೆ ಕಾಗದ ಹಾಕುತ್ತೇನೆ. ಅವತ್ತು ಬಂದು, ಅವಳ ಎ‌ದುರು ಕೂತು, ನೀನೇ ಹೇಳು. ಅಲ್ಲಿಯವರೆಗೆ ಬರಬೇಡ, ಬರೆಯಲೂ ಬೇಡ.